ಇಯರ್‌ಪ್ಲಗ್ ಕೊಟ್ಟ ಅಕ್ಕನಿಗೆ

ದಾವಣಗೆರೆಯ ಬೇಸಿಗೆ ಸಂಗೀತ ಹಬ್ಬದಲ್ಲಿ ನನ್ನ ಮಗಳಿಗೆ ಸದ್ದು ತಡೆಯುವ ಇಯರ್‌ಪ್ಲಗ್ ಕೊಟ್ಟ ಅಕ್ಕಾ, ನಿಮಗೆ ತುಂಬಾ ಥ್ಯಾಂಕ್ಸ್.

ರಾಕ್ ಬ್ಯಾಂಡ್ ಶುರುವಾದ ಕೂಡಲೇ ಅವಳು ಎರಡೂ ಕಿವಿ ಮುಚ್ಚಿಕೊಂಡಳು. ನಾವು ಮನೆಗೆ ಹೊರಟೇಬಿಟ್ಟಿದ್ದೆವು. ನೀವು ಬ್ಯಾಗಿನಿಂದ ಹೊಸ ಪ್ಯಾಕೆಟ್ ತೆಗೆದಿರಿ. ಸುಮ್ನೆ ಕೊಟ್ಟು ಹೋಗಲಿಲ್ಲ. ಆ ಹಳದಿ ಸ್ಪಂಜನ್ನು ಬೆರಳಲ್ಲಿ ಹೊಸೆದು ಸಣ್ಣ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆಳೆದು ಒಳಗಿಡಬೇಕು. ಅದು ಉಬ್ಬುವ ತನಕ ಬೆರಳು ತೆಗೆಯಬಾರದು. ಎಲ್ಲವನ್ನೂ ಮೊದಲು ನಿಮ್ಮ ಕಿವಿಗೇ ಹಾಕಿ ತೋರಿಸಿದಿರಿ. ಅಷ್ಟು ಗದ್ದಲದಲ್ಲಿ ಎಂಥ ತಾಳ್ಮೆ!

85 ಡೆಸಿಬಲ್ ಸದ್ದಾದರೆ ದಿನಕ್ಕೆ 8 ಗಂಟೆ ಕೇಳಬಹುದು, 100 ಡೆಸಿಬಲ್ ಆದರೆ 15 ನಿಮಿಷವೇ ಮಿತಿ ಎನ್ನುತ್ತಾರೆ. ರಾಕ್ ವೇದಿಕೆ ಮುಂದೆ 100 ದಾಟುವುದು ಮಾಮೂಲಿ. ಮಕ್ಕಳನ್ನು ಕರೆದೊಯ್ಯುವವರಿಗೆ ಇದು ಗೊತ್ತಿರಬೇಕು ಅಲ್ವಾ?

ಸ್ಪೀಕರ್ ಹತ್ತಿರ ಬೇಡ, ಸದ್ದು ಹೊಂದಿಸುವ ಸೌಂಡ್ ಮಿಕ್ಸರ್ ಪಕ್ಕ ನಿಲ್ಲಿ ಅಂದಿರಿ. ಅಲ್ಲಿ ಗಿಟಾರ್, ಡ್ರಮ್ಸ್, ಹಾಡು ಎಲ್ಲ ಬಿಡಿಬಿಡಿಯಾಗಿ ಕೇಳಿಸಿತು. ಬೇಸ್ ಗಿಟಾರ್ ಎದೆಗೆ ಬಡಿದಾಗ ಮಗಳು ಕುಣಿದೇ ಕುಣಿದಳು. ಕೊನೆಯ ಬ್ಯಾಂಡ್ ಮುಗಿಯುವವರೆಗೂ ಅಲ್ಲಾಡಲಿಲ್ಲ.

ಈಗ ಡ್ರಮ್ಸ್ ಕ್ಲಾಸಿಗೆ ಸೇರಿಸಿ ಅಂತ ಹಟ ಹಿಡಿದಿದ್ದಾಳೆ ಅಕ್ಕಾ. ಸೇರಿಸುತ್ತಿದ್ದೇವೆ.