ಖಾಲಿ ಪಟ್ಟಿ ಅಂದರೆ ಕೆಲಸ ಮುಗಿಯಿತು ಅಂತಲ್ಲ

ಮಾನ್ಯರೇ,

ನಿಮ್ಮ ತಂತ್ರಜ್ಞಾನ ಪುಟದಲ್ಲಿ ವಾರವಾರವೂ ಹೊಸ ಫೋನುಗಳದ್ದೇ ಸುದ್ದಿ. ನಮ್ಮಂಥವರ ದಿನನಿತ್ಯದ ಪಾಡಿಗೂ ಒಂದಿಷ್ಟು ಜಾಗ ಕೊಡಿ.

ನಾನು ಧಾರವಾಡದಲ್ಲಿ ಕೂತು ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪುಟಗಳನ್ನು ಅಕ್ಷರಕ್ಕಿಳಿಸುವ ಕೆಲಸ ಮಾಡುತ್ತೇನೆ. ಅದಕ್ಕೆ ಬಳಸುವುದು ಎಡಬ್ಲ್ಯೂಎಸ್ ಬ್ಯಾಚ್, ಅಂದರೆ ರಾಶಿ ಕೆಲಸಗಳನ್ನು ಅಮೆಜಾನ್‌ನ ಕಂಪ್ಯೂಟರುಗಳಲ್ಲಿ ಓಡಿಸಿಕೊಡುವ ಸೇವೆ. ಒಂದು ಪುಟಕ್ಕೆ ಒಂದು ಕೆಲಸ, ಎಲ್ಲ ಸೇರಿ ಒಂದು ಅರೇ ಜಾಬ್. ಕಳೆದ ತಿಂಗಳು 640 ಪುಟ ಹಾಕಿ ಮಲಗಿದೆ. ಬೆಳಿಗ್ಗೆ ಟರ್ಮಿನಲ್‌ನಲ್ಲಿ (ಕಂಪ್ಯೂಟರಿಗೆ ಆದೇಶ ಟೈಪ್ ಮಾಡುವ ಕಿಟಕಿ) ಕೆಲಸಗಳ ಪಟ್ಟಿ ಕೊಡುವ ಲಿಸ್ಟ್-ಜಾಬ್ಸ್ ಕಮಾಂಡ್ ಹೊಡೆದರೆ ಪಟ್ಟಿ ಖಾಲಿ! ಎಲ್ಲ ಮುಗಿಯಿತು ಅಂತ ಖುಷಿಯಾಗಿ ಚಹಾ ಕುಡಿದೆ.

ಆದರೆ ಖಾಲಿ ಪಟ್ಟಿಯ ಅರ್ಥ ಬೇರೆಯೇ ಇತ್ತು. ಯಾವ ಸ್ಟೇಟಸ್‌ನ (ಸ್ಥಿತಿಯ) ಕೆಲಸ ಬೇಕು ಅಂತ ಹೇಳದಿದ್ದರೆ ಆ ಕಮಾಂಡ್ ಓಡುತ್ತಿರುವ ಕೆಲಸಗಳನ್ನಷ್ಟೇ ತೋರಿಸುತ್ತದೆ. ವಿಫಲವಾಗಿ ಬಿದ್ದವು, ಮುಗಿದವು ಕಣ್ಣಿಗೇ ಬೀಳುವುದಿಲ್ಲ. ಕೈಪಿಡಿಯಲ್ಲಿ ಬರೆದೇ ಇದೆ, ನಾನೇ ಓದಿರಲಿಲ್ಲ. ಅರೇ ಜಾಬ್‌ನ ಐಡಿ ಕೊಟ್ಟು, ಜಾಬ್-ಸ್ಟೇಟಸ್ ಜಾಗದಲ್ಲಿ ಫೇಲ್ಡ್ (ವಿಫಲ) ಅಂತ ಹಾಕಿದ ಮೇಲೆ 37 ಕೆಲಸ ಎದ್ದು ಬಂದವು.

ಪಜೀತಿ ಅಲ್ಲಿಗೇ ಮುಗಿಯಲಿಲ್ಲ. 211ನೇ ಕೆಲಸ ಬಿದ್ದಿದೆ ಅಂತ 211ನೇ ಪುಟ ತೆಗೆದು ನೋಡಿದರೆ ಚೊಕ್ಕವಾಗಿದೆ. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಅರೇ ಜಾಬ್‌ನಲ್ಲಿ ಕೆಲಸಗಳ ಎಣಿಕೆ ಶುರುವಾಗುವುದು ಸೊನ್ನೆಯಿಂದ, ಅಲ್ವಾ? ಗೆದ್ದಲು ತಿಂದಿದ್ದ ಪುಟ 212.

ಇದನ್ನೆಲ್ಲ ಕನ್ನಡದಲ್ಲಿ ಓದಲು ಸಿಕ್ಕಿದ್ದರೆ ಆ ಚಹಾ ಸ್ವಲ್ಪ ತಡವಾಗಿ ಕುಡಿಯುತ್ತಿದ್ದೆ. ತಿಂಗಳಿಗೊಂದು ಅಂಕಣವಾದರೂ ಕೊಡಿ.

— ಓದುಗ, ಧಾರವಾಡ