ಮಗಳಿಗೊಂದು ಪತ್ರ: ವಿದಾಯದ ಕರಡನ್ನು ಓದಿದ ಮೇಲೆ

ಪ್ರೀತಿಯ ಮಗಳೇ,

ನೀನು ಕಳಿಸಿದ ವಿದಾಯದ ಕರಡು ತಲುಪಿತು. ಭಾಷೆಯನ್ನಷ್ಟೇ ತಿದ್ದಿಕೊಡು ಎಂದು ಕೇಳಿದ್ದೀಯೆ. ಆದರೆ ಮೊದಲನೆಯ ವಾಕ್ಯದಲ್ಲೇ ನನ್ನ ಪೆನ್ಸಿಲು ನಿಂತುಬಿಟ್ಟಿತು. "ಅನಿವಾರ್ಯ ಕಾರಣಗಳಿಂದಾಗಿ ನಮ್ಮ ಬ್ಯಾಂಡಿನ ಚಟುವಟಿಕೆಗಳನ್ನು ಸ್ಥಗಿತಗೊಳಿಸಲು ನಾವೆಲ್ಲರೂ ಒಮ್ಮತದಿಂದ ತೀರ್ಮಾನಿಸಿದ್ದೇವೆ" ಎಂದು ಬರೆದಿದ್ದೀಯೆ. ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ತಿದ್ದುವಂಥದ್ದು ಏನೂ ಇಲ್ಲ. ಆದರೆ ಹನ್ನೊಂದು ವರ್ಷ ನಿಮ್ಮ ಹಾಡುಗಳನ್ನು ಕೇಳಿದವರಿಗೆ ಹೇಳುವ ಮಾತು ಇದಲ್ಲ, ಕಚೇರಿಯ ಸೂಚನಾ ಫಲಕಕ್ಕೆ ಅಂಟಿಸುವ ಮಾತು. ಅದಕ್ಕಿಂತ ಹೆಚ್ಚಾಗಿ, ಅದರಲ್ಲಿರುವ "ಒಮ್ಮತ" ಎಂಬ ಪದ ನಿಜವೇ ಎಂಬ ಬಗ್ಗೆ ನನಗೆ ಸಂದೇಹವಿದೆ. ನಿಮ್ಮ ಡ್ರಮ್ಸ್ ನುಡಿಸುವ ಹುಡುಗ ಹೋದ ವಾರ ನನಗೆ ಫೋನ್ ಮಾಡಿದ್ದ. ಬ್ಯಾಂಡಿನ ಬಗ್ಗೆ ಒಂದು ಮಾತೂ ಆಡದೆ ನನ್ನ ಮಂಡಿನೋವಿನ ಬಗ್ಗೆ ಬಹಳ ಹೊತ್ತು ವಿಚಾರಿಸಿ, ಫೋನ್ ಇಡುವ ಮುಂಚೆ ಮಾತ್ರ, "ಆಂಟಿ, ಉಳಿದಿರುವ ರೆಕಾರ್ಡುಗಳನ್ನು ಯಾರಿಗೂ ಕೊಟ್ಟುಬಿಡಬೇಡಿ" ಎಂದ. ಒಪ್ಪಿಕೊಂಡು ಹೊರಟವನ ದನಿ ಅದಾಗಿರಲಿಲ್ಲ.

ನಿಮ್ಮ ಕೇಳುಗರ ಪರವಾಗಿ ಮಾತನಾಡುವ ಹಕ್ಕು ನನಗೆ ಸ್ವಲ್ಪ ಇದೆ ಎಂದು ತಿಳಿದುಕೊಂಡಿದ್ದೇನೆ. ನೀವು ಯಾವ ಕಂಪನಿಯ ನೆರಳಿಗೂ ಹೋಗದೆ ನಿಮ್ಮ ದುಡ್ಡಿನಲ್ಲೇ ಮೊದಲನೆಯ ಆಲ್ಬಮ್ ಮಾಡಿದಾಗ, ಪಾರ್ಸೆಲ್ ಕಟ್ಟಿ ಅಂಚೆಗೆ ಹಾಕುವ ಕೆಲಸವನ್ನು ನಾನು ವಹಿಸಿಕೊಂಡೆ. ಅಂದಿನಿಂದ ಉದ್ದನೆಯ ಲೆಕ್ಕದ ಪುಸ್ತಕವೊಂದರಲ್ಲಿ ಪ್ರತಿಯೊಂದು ಹೆಸರನ್ನೂ ವಿಳಾಸವನ್ನೂ ಬರೆದಿಟ್ಟಿದ್ದೇನೆ. ಮನೆ ಬದಲಿಸಿದವರ ಹಳೆಯ ವಿಳಾಸದ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆದಿದ್ದೇನೆ. ಒಬ್ಬಾಕೆಯ ಹೆಸರಿನ ಮುಂದೆ ನಾಲ್ಕು ವಿಳಾಸಗಳಿವೆ; ವಿದ್ಯಾರ್ಥಿನಿಯಾಗಿದ್ದವಳು ನಾಲ್ಕನೆಯ ಪಾರ್ಸೆಲಿನ ಹೊತ್ತಿಗೆ ತಾಯಿಯಾಗಿದ್ದಳು. ನಿನಗೆ ಅಭಿಮಾನಿಗಳೆಂದರೆ ವೇದಿಕೆಯ ದೀಪದ ಆಚೆ ಕತ್ತಲಲ್ಲಿ ಕಾಣುವ ತಲೆಗಳು. ನನಗೆ ಅವರು ಒಬ್ಬೊಬ್ಬರೂ ಒಂದೊಂದು ಕೈಬರಹ.

ಎರಡನೆಯ ಆಲ್ಬಮಿನ ಸಮಯದಲ್ಲಿ ನಡೆದದ್ದನ್ನು ನೀನು ಮರೆತಿರಲಾರೆ. ರೆಕಾರ್ಡು ಒತ್ತಿಕೊಟ್ಟ ಕಾರ್ಖಾನೆಯವರ ಕೈತಪ್ಪಿನಿಂದ ಹಲವು ತಟ್ಟೆಗಳ ನಡುವಿನ ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು. ಮುಳ್ಳು ಇಟ್ಟು ನೋಡಿದರೆ ಅದು ಸುತ್ತಿಗೊಮ್ಮೆ ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ನಿನ್ನ ಮ್ಯಾಂಡೊಲಿನ್ನಿನ ಎಳೆದ ಸ್ವರವೆಲ್ಲ ಅಲೆಯಂತೆ ಏರಿ ಇಳಿಯುತ್ತಿತ್ತು. ಯಾರಿಗೂ ಹೇಳುವುದು ಬೇಡ, ಹೆಚ್ಚಿನವರಿಗೆ ಗೊತ್ತಾಗುವುದೇ ಇಲ್ಲ ಎಂದು ನಿಮ್ಮಲ್ಲಿ ಒಬ್ಬರು ಹೇಳಿದ್ದರು. ನೀನು ಒಪ್ಪಲಿಲ್ಲ. ತಪ್ಪು ಏನಾಗಿದೆ, ಯಾಕೆ ಹಾಗೆ ಕೇಳಿಸುತ್ತದೆ, ಬದಲಿ ಬೇಕಾದವರು ಏನು ಮಾಡಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆದು ಎಲ್ಲರಿಗೂ ಕಳಿಸಿದೆ. ಬದಲಿ ಕೇಳಿದವರು ಬೆರಳೆಣಿಕೆಯಷ್ಟು ಜನ. ಉಳಿದವರು, ಇರಲಿ ಬಿಡಿ, ನಮ್ಮ ತಟ್ಟೆ ಹೀಗೆಯೇ ಹಾಡುತ್ತದೆ ಎಂದು ಬರೆದರು. ಆ ಕಾಗದಗಳನ್ನು ಅದೇ ಪುಸ್ತಕದ ನಡುವೆ ಇಟ್ಟಿದ್ದೇನೆ. ಒಂದು ತೂತಿನ ವಿಷಯದಲ್ಲಿ ಅಷ್ಟು ನೇರವಾಗಿ ಮಾತನಾಡಿದವಳು ಬ್ಯಾಂಡೇ ಮುಗಿಯುತ್ತಿರುವಾಗ "ಅನಿವಾರ್ಯ ಕಾರಣ" ಎಂದರೆ ಅವರಿಗೆ ನೋವಾಗುತ್ತದೆ.

ಕಾರಣವನ್ನು ಹೇಳಿಬಿಡು. ವರ್ಷಕ್ಕೆ ನೂರು ರಾತ್ರಿ ವ್ಯಾನಿನಲ್ಲಿ ಕಳೆಯುವ ಶಕ್ತಿ ಈಗ ಉಳಿದಿಲ್ಲ, ನಾಲ್ವರಲ್ಲಿ ಇಬ್ಬರ ಮನೆಯಲ್ಲಿ ಪುಟ್ಟ ಮಕ್ಕಳಿದ್ದಾರೆ, ಪ್ರವಾಸ ಮುಗಿದಾಗಲೆಲ್ಲ ಉಳಿಯುವ ಸಾಲವನ್ನು ನಿಮ್ಮ ಸಂಬಳದಿಂದಲೇ ತೀರಿಸುತ್ತ ಬಂದಿದ್ದೀರಿ ಎಂಬುದೆಲ್ಲ ನಾಚಿಕೆಪಡುವ ಸಂಗತಿಗಳಲ್ಲ. ಇನ್ನೂ ಒಂದು ಕಾರಣವಿದೆ. ಅದನ್ನು ನೀನು ನನಗೂ ಬಾಯಿಬಿಟ್ಟು ಹೇಳಿಲ್ಲ. ಎರಡು ವರ್ಷದಿಂದ ನೀವು ನಾಲ್ವರೂ ಕೂತು ಒಂದೇ ಒಂದು ಹೊಸ ಹಾಡನ್ನೂ ಕಟ್ಟಿಲ್ಲ. ಅದನ್ನೂ ಬರೆ. ನಿಜವನ್ನು ಮೊದಲೇ ತಿಳಿದವರು ಬೇರೆಯದೇ ಮನಸ್ಸಿನಿಂದ ಬಂದು ಕೇಳುತ್ತಾರೆ. ಕೆನಡಾದ ಟ್ರ್ಯಾಜಿಕಲಿ ಹಿಪ್ ಬ್ಯಾಂಡಿನವರು ತಮ್ಮ ಗಾಯಕ ಗೋರ್ಡ್ ಡೌನಿಗೆ ವಾಸಿಯಾಗದ ಮಿದುಳಿನ ಕ್ಯಾನ್ಸರ್ ಇದೆ ಎಂಬುದನ್ನು 2016ರ ಮೇ ತಿಂಗಳಲ್ಲಿ ಬಹಿರಂಗವಾಗಿ ಹೇಳಿಯೇ ಪ್ರವಾಸಕ್ಕೆ ಹೊರಟರು. ಆಗಸ್ಟ್ 20ರಂದು ತಮ್ಮ ಊರಾದ ಕಿಂಗ್‌ಸ್ಟನ್‌ನಲ್ಲಿ ಕೊನೆಯ ಬಾರಿ ಹಾಡಿದಾಗ ರಾಷ್ಟ್ರೀಯ ಪ್ರಸಾರ ಸಂಸ್ಥೆಯ ಮೂಲಕ ಇಡೀ ದೇಶ ಕೂತು ನೋಡಿತು. ನಿಮ್ಮದು ಅಂಥ ದುಃಖವಲ್ಲ, ದೇವರ ದಯೆ. ಆದರೂ ಕೇಳುಗರನ್ನು ನಂಬಿ ನಿಜ ಹೇಳಿದ ಆ ರೀತಿ ನಿಮಗೂ ಸಲ್ಲುತ್ತದೆ.

ಇನ್ನು "ಒಮ್ಮತ"ದ ವಿಷಯ. ನೀನು ಹದಿನಾರು ವರ್ಷದವಳಾಗಿದ್ದಾಗ ಹಗಲೂ ರಾತ್ರಿ ಕೇಳುತ್ತಿದ್ದ "ದಿ ಬ್ಯಾಂಡ್" ಎಂಬ ಹೆಸರಿನ ತಂಡ ನೆನಪಿದೆಯಲ್ಲ. ರೂಟ್ಸ್ ರಾಕ್ ಎಂದರೇನು ಎಂದು ನಾನು ಕೇಳಿದಾಗ ವಿವರಣೆ ಕೊಡದೆ ಅವರ ತಟ್ಟೆಯನ್ನೇ ಹಾಕಿ, ಬ್ಲೂಸ್, ಕಂಟ್ರಿ, ಜಾನಪದ, ಚರ್ಚಿನ ಹಾಡು ಎಲ್ಲವೂ ಇದರಲ್ಲಿ ಬೇರೆಬೇರೆಯಾಗಿ ಕೇಳಿಸುತ್ತವೆಯೇ ನೋಡು ಎಂದಿದ್ದೆ. ಅಂದು ನನಗೆ ಕೇಳಿಸಿದ್ದು ಅವರಲ್ಲೊಬ್ಬರಾದ ಗಾರ್ತ್ ಹಡ್ಸನ್‌ರ ಲೌರಿ ಎಂಬ ವಿದ್ಯುತ್ ಆರ್ಗನ್ ಒಂದೇ. ಆ ಐವರು 1976ರ ನವೆಂಬರ್ 25ರಂದು ಸ್ಯಾನ್ ಫ್ರಾನ್ಸಿಸ್ಕೊದ ವಿಂಟರ್‌ಲ್ಯಾಂಡ್ ಸಭಾಂಗಣದಲ್ಲಿ ನಡೆಸಿದ ವಿದಾಯವನ್ನು ಇಂದಿಗೂ ಜನ ಮಾದರಿಯೆಂದು ಹೇಳುತ್ತಾರೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಸುಮಾರು 5,000 ಜನರಿಗೆ ಮೊದಲು ಊಟ ಬಡಿಸಿ, ಆಮೇಲೆ ಮಡ್ಡಿ ವಾಟರ್ಸ್, ಜೋನಿ ಮಿಚೆಲ್, ನೀಲ್ ಯಂಗ್, ಬಾಬ್ ಡಿಲನ್ ಮೊದಲಾದವರನ್ನು ವೇದಿಕೆಗೆ ಕರೆದು, ನಡುರಾತ್ರಿ ದಾಟುವವರೆಗೂ ನುಡಿಸಿದರು. ಅದಕ್ಕಿಂತ ದೊಡ್ಡ ಬೀಳ್ಕೊಡುಗೆ ಯಾವ ಬ್ಯಾಂಡಿಗೆ ಸಿಕ್ಕಿದೆ? ಆದರೆ ನಿಲ್ಲಿಸೋಣ ಎಂದವರು ಗಿಟಾರ್ ನುಡಿಸುತ್ತಿದ್ದ ರಾಬಿ ರಾಬರ್ಟ್‌ಸನ್. ಡ್ರಮ್ಸ್ ನುಡಿಸುತ್ತಿದ್ದ ಲೀವನ್ ಹೆಲ್ಮ್‌ಗೆ ನಿಲ್ಲಿಸುವುದು ಇಷ್ಟವಿರಲಿಲ್ಲ. ಹಾಡುಗಳ ರಚನೆಯ ಹೆಸರೂ ಹಣವೂ ಸರಿಯಾಗಿ ಹಂಚಿಕೆಯಾಗಲಿಲ್ಲ ಎಂಬ ಕಹಿ ಆತನಲ್ಲಿ ದಶಕಗಳ ಕಾಲ ಉಳಿಯಿತು. 1983ರಲ್ಲಿ ರಾಬರ್ಟ್‌ಸನ್ ಒಬ್ಬರನ್ನು ಬಿಟ್ಟು ಉಳಿದವರು ಮತ್ತೆ ಸೇರಿ ನುಡಿಸತೊಡಗಿದರು. 2012ರಲ್ಲಿ ಹೆಲ್ಮ್, 2023ರಲ್ಲಿ ರಾಬರ್ಟ್‌ಸನ್, 2025ರ ಜನವರಿಯಲ್ಲಿ ಹಡ್ಸನ್ ತೀರಿಕೊಂಡು ಈಗ ಐವರಲ್ಲಿ ಒಬ್ಬರೂ ಉಳಿದಿಲ್ಲ. ಅಷ್ಟು ದೀಪಗಳ ಕೆಳಗೆ ನಿಂತು ಹಾಡುತ್ತಿದ್ದಾಗ ಒಬ್ಬನ ಮನಸ್ಸು ಒಪ್ಪಿರಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಮ್ಮಲ್ಲಿಯೂ ಡ್ರಮ್ಸ್ ನುಡಿಸುವವನೇ ಸುಮ್ಮನಿದ್ದಾನೆ. ಅವನು ಕೊನೆಗೂ ಒಪ್ಪದೆ ಇರಬಹುದು. ಹಾಗಾದರೆ "ನಮ್ಮಲ್ಲಿ ಮೂವರಿಗೆ ಮುಂದುವರಿಯಲು ಆಗುತ್ತಿಲ್ಲ" ಎಂದು ಬರೆಯುವುದೇ ಸರಿ. ಕೇಳುಗರು ಅದನ್ನು ತಾಳಿಕೊಳ್ಳುತ್ತಾರೆ.

ನಾಲ್ಕನೆಯ ವರ್ಷದಲ್ಲಿ ಬಿಟ್ಟುಹೋದ ಪಿಟೀಲಿನ ಹುಡುಗಿಯ ಹೆಸರು ನಿನ್ನ ಕರಡಿನಲ್ಲಿ ಎಲ್ಲಿಯೂ ಇಲ್ಲ. ಅವಳನ್ನು ಕರೆಯಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಇಲಿನಾಯ್‌ನ ಬೆಲ್‌ವಿಲ್‌ನಿಂದ ಬಂದ ಅಂಕಲ್ ಟುಪೆಲೊ ಎಂಬ ಬ್ಯಾಂಡಿನಲ್ಲಿ ಜೇ ಫರಾರ್ ಮತ್ತು ಜೆಫ್ ಟ್ವೀಡಿ ನಡುವೆ ಮಾತೇ ನಿಂತುಹೋಗುವಷ್ಟು ಸಂಬಂಧ ಕೆಟ್ಟಿತ್ತು. ಹಾಗಿದ್ದರೂ ಸಾಲ ತೀರುವವರೆಗೆ ಪ್ರವಾಸ ಮುಗಿಸಿ, 1994ರ ಮೇ 1ರಂದು ಸೇಂಟ್ ಲೂಯಿಯಲ್ಲಿ ಕೊನೆಯ ಬಾರಿ ನುಡಿಸಿದರು. ಮೊದಲಿಗೆ ಅವರ ಜೊತೆಯಲ್ಲಿದ್ದು ಬಿಟ್ಟುಹೋಗಿದ್ದ ಡ್ರಮ್ಮರ್ ಮೈಕ್ ಹೈಡಾರ್ನ್ ಅಂದು ಬಂದು ಅವರೊಡನೆ ನುಡಿಸಿದ. ಮೊದಲ ಮೂರು ಆಲ್ಬಮ್‌ಗಳನ್ನು ಸಣ್ಣ ಸ್ವತಂತ್ರ ಲೇಬಲ್ಲಿನಲ್ಲೇ ತಂದ ಬ್ಯಾಂಡ್ ಅದು. ಅದು ಒಡೆದ ಮೇಲೆ ಅದರಿಂದಲೇ ಸನ್ ವೋಲ್ಟ್, ವಿಲ್ಕೊ ಎಂಬ ಎರಡು ಬ್ಯಾಂಡುಗಳು ಹುಟ್ಟಿದವು. 1990ರಲ್ಲಿ ಬಂದ ಅವರ ಮೊದಲ ಆಲ್ಬಮಿನ ಹೆಸರನ್ನೇ ಇಟ್ಟುಕೊಂಡು 1995ರಲ್ಲಿ ಕಂಟ್ರಿಯನ್ನೂ ರಾಕನ್ನೂ ಬೆರೆಸಿದ ಅವರ ಬಗೆಯ ಸಂಗೀತಕ್ಕಾಗಿಯೇ ಒಂದು ಪತ್ರಿಕೆಯೂ ಆರಂಭವಾಯಿತು. ಮಾತು ಬಿಟ್ಟವರೇ ಹಳೆಯ ಜೊತೆಗಾರನಿಗೆ ವೇದಿಕೆಯಲ್ಲಿ ಜಾಗ ಮಾಡಿಕೊಟ್ಟರು ಎಂದ ಮೇಲೆ, ಮಾತು ಬಿಡದ ನೀವು ಪಿಟೀಲಿನವಳನ್ನು ಮರೆಯುವುದು ಸರಿಯಲ್ಲ. ನಿಮ್ಮ ಮೊದಲ ಆಲ್ಬಮಿನಲ್ಲಿ ಜನ ಇಂದಿಗೂ ಗುನುಗುವುದು ಅವಳು ನುಡಿಸಿದ ಸ್ವರಗಳನ್ನೇ.

ಲೆಕ್ಕದ ವಿಷಯವನ್ನು ಬೇಗ ಮುಗಿಸುತ್ತೇನೆ, ಆದರೆ ನೀನು ಅದನ್ನು ಮುಂದೂಡಬೇಡ. ಯಾವ ಹಾಡಿನಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಕಾಗದದ ಮೇಲೆ ಬರೆದು ನಾಲ್ವರೂ ಸಹಿ ಹಾಕಿ. ಮೂಲ ಧ್ವನಿಮುದ್ರಣಗಳ ಪ್ರತಿ ಒಬ್ಬೊಬ್ಬರಲ್ಲೂ ಇರಲಿ. ಸ್ಟ್ರೀಮಿಂಗಿಗೆ ಹಾಡು ಸೇರಿಸುವ ವಿತರಕರಿಗೆ ವರ್ಷವರ್ಷ ಕಟ್ಟುವ ಶುಲ್ಕ ನಿಂತರೆ ಹಾಡುಗಳು ಅಲ್ಲಿಂದ ಇಳಿದುಹೋಗಬಹುದು, ಆದ್ದರಿಂದ ಅದನ್ನು ಯಾರು ಕಟ್ಟುತ್ತಾರೆ ಎಂಬುದು ಈಗಲೇ ತೀರ್ಮಾನವಾಗಲಿ. ಯಾರೂ ಮುಂದೆ ಬರದಿದ್ದರೆ ನಾನು ಕಟ್ಟುತ್ತೇನೆ. ಬ್ಯಾಂಡಿನ ಹೆಸರನ್ನು ಮುಂದೆ ಯಾರು, ಯಾವ ಸಂದರ್ಭದಲ್ಲಿ ಬಳಸಬಹುದು ಎಂಬುದನ್ನೂ ಬರೆದಿಡಿ. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಎಂಬ ಅಮೆರಿಕದ ಬ್ಯಾಂಡ್ 1972ರಲ್ಲಿ ಮುಗಿದುಹೋಯಿತು. ಎರಡು ದಶಕ ದಾಟಿದ ಮೇಲೂ ಅದರವರು ಹೆಸರಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಬಾಲ್ಯದಿಂದ ಜೊತೆಯಲ್ಲಿ ನುಡಿಸಿದವರು ಅವರು.

ಕೊನೆಯ ಕಾರ್ಯಕ್ರಮವನ್ನು ದೊಡ್ಡದು ಮಾಡುವ ಆಸೆ ನಿನಗಿದೆ, ಅತಿಥಿಗಳ ಪಟ್ಟಿಯನ್ನೂ ಕಳಿಸಿದ್ದೀಯೆ. ಅತಿಥಿಗಳು ಬರಲಿ, ಆದರೆ ಕೊನೆಯ ಹಾಡಿನ ಹೊತ್ತಿಗೆ ಎಲ್ಲರೂ ಇಳಿದು ನೀವಷ್ಟೇ ಉಳಿಯಿರಿ. ವಿಂಟರ್‌ಲ್ಯಾಂಡ್‌ನಲ್ಲಿಯೂ ಅತಿಥಿಗಳೆಲ್ಲ ಹಾಡಿ ಮುಗಿದ ಮೇಲೆ ಆ ಐವರೇ ಮತ್ತೆ ಬಂದು ಒಂದು ಹಾಡು ನುಡಿಸಿದ್ದರು. ನಿನಗೆ ಸಾಕಾಗಿಹೋಗಿರುವ ಆ ಹಳೆಯ ಹಾಡನ್ನು ಪಟ್ಟಿಯಿಂದ ತೆಗೆದಿರುವುದು ಕಂಡಿತು, ದಯವಿಟ್ಟು ಸೇರಿಸು. ನೀನು ಅದನ್ನು ಸಾವಿರ ಸಲ ಹಾಡಿರಬಹುದು, ಆ ಹಾಡಿಗಾಗಿಯೇ ದೂರದಿಂದ ಬಂದವರು ಅಂದು ಅದನ್ನು ನಿಮ್ಮಿಂದ ಕಡೆಯ ಸಲ ಕೇಳುತ್ತಾರೆ. ಹಾಡು ಮುಗಿದ ಮೇಲೆ ಹಿಂಬಾಗಿಲಿನಿಂದ ಹೋಗಬೇಡಿ. ಮೊದಲ ವರ್ಷಗಳಲ್ಲಿ ಮಾಡುತ್ತಿದ್ದಂತೆ, ಅಂಗಿ ಮತ್ತು ರೆಕಾರ್ಡು ಮಾರುವ ಮೇಜಿನ ಹಿಂದೆ ನಾಲ್ವರೂ ನಿಂತು, ಕಡೆಯ ಮನುಷ್ಯ ಹೊರಡುವವರೆಗೂ ಇರಿ. ಮೊದಲನೆಯ ಕಾರ್ಯಕ್ರಮದಲ್ಲಿ ಆ ಮೇಜಿನ ಹತ್ತಿರ ಒಬ್ಬ ಹಿರಿಯರು ರೆಕಾರ್ಡನ್ನು ಕೊಳ್ಳದೆ, ಅದರ ಹೊದಿಕೆಯ ಹಿಂಬದಿಯಲ್ಲಿದ್ದ ನಿಮ್ಮ ಹೆಸರುಗಳನ್ನು ಬೆರಳಿಟ್ಟು ಒಂದೊಂದಾಗಿ ಓದಿ, ಯಾರು ಯಾರು ಎಂದು ನಿಮ್ಮ ಮುಖ ನೋಡಿ ಗುರುತಿಸಿ, ಆಮೇಲೆ ಎರಡು ಕೊಂಡಿದ್ದರು. ಅವರ ಹೆಸರು ನನ್ನ ಪುಸ್ತಕದ ಮೊದಲನೆಯ ಸಾಲಿನಲ್ಲಿದೆ.

ಮತ್ತೆ ಸೇರುತ್ತೇವೆ ಎಂದು ಸೂಚಿಸುವ ಕೊನೆಯ ಪ್ಯಾರಾವನ್ನು ತೆಗೆದುಹಾಕಿದ್ದೇನೆ. ಎಂದೂ ಸೇರುವುದಿಲ್ಲ ಎಂದೂ ಬರೆಯಬೇಡ. ಜಾರ್ಜಿಯಾದ ಆತೆನ್ಸ್‌ನಲ್ಲಿ 1980ರಲ್ಲಿ ಶುರುವಾದ ಆರ್.ಇ.ಎಂ. ಎಂಬ ಬ್ಯಾಂಡ್ 2011ರ ಸೆಪ್ಟೆಂಬರ್ 21ರಂದು ಒಂದು ಚಿಕ್ಕ ಹೇಳಿಕೆಯಲ್ಲಿ, ಜಗಳವಿಲ್ಲದೆ, ಗೆಳೆಯರಾಗಿಯೇ ಮುಗಿಸಿತು; ವಿದಾಯದ ಪ್ರವಾಸವನ್ನೂ ಮಾಡಲಿಲ್ಲ. 2024ರ ಜೂನ್‌ನಲ್ಲಿ ಸನ್ಮಾನವೊಂದರ ಸಂದರ್ಭದಲ್ಲಿ ನಾಲ್ವರೂ ಕೂಡಿ ಒಂದೇ ಒಂದು ಹಾಡು ನುಡಿಸಿದರು. ಹದಿಮೂರು ವರ್ಷ ಯಾರಿಗೂ ಆಸೆ ತೋರಿಸದೆ ಇದ್ದದ್ದರಿಂದ ಆ ಒಂದು ಹಾಡು ಅಷ್ಟು ಹಿತವಾಗಿ ಬಂತು ಎಂದು ನನಗನ್ನಿಸುತ್ತದೆ.

ಕರಡನ್ನು ಈ ಪತ್ರದ ಜೊತೆಯಲ್ಲೇ ಇಟ್ಟಿದ್ದೇನೆ. ಉಳಿದ ಭಾಗದಲ್ಲಿ ನಾಲ್ಕಾರು ಪದಗಳನ್ನಷ್ಟೇ ಬದಲಿಸಿದ್ದೇನೆ, ನಿನ್ನ ಬರವಣಿಗೆ ಚೆನ್ನಾಗಿಯೇ ಇದೆ. ಮೊದಲನೆಯ ವಾಕ್ಯವನ್ನು ಪೂರ್ತಿ ಅಳಿಸಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಡ್ರಮ್ಸ್ ನುಡಿಸುವ ಹುಡುಗನಿಗೆ ಫೋನ್ ಮಾಡದೆ, ಅವನ ಮನೆಗೇ ಹೋಗಿ, ಕೂತು ಮಾತನಾಡಿದ ಮೇಲೆ ಅದನ್ನು ನೀನೇ ಬರೆ. ರೆಕಾರ್ಡುಗಳು ಹದಿನೇಳು ಉಳಿದಿವೆ, ಯಾರಿಗೂ ಕೊಟ್ಟಿಲ್ಲ ಎಂದು ಅವನಿಗೆ ಹೇಳು.

ನಿನ್ನ
ಅಮ್ಮ