ಒಳಗೆ ಹೋಗುವ ಮೊದಲೇ ಬರೆದಿಟ್ಟುಕೋ

ಚಿಕ್ಕಮಗಳೂರು
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನೀನು ಹಾಸನದಿಂದ ಕಳಿಸಿದ ಪರದೆಯ ಫೋಟೋ ಮೂರು ಸಲ ನೋಡಿದೆ. ಬೆಳಿಗ್ಗೆ ಫೋನಿನಲ್ಲಿ ನಿನ್ನ ದನಿ ಕೇಳಿಯೇ ನಿದ್ದೆ ಮಾಡಿಲ್ಲ ಅಂತ ಗೊತ್ತಾಯಿತು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತು ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಲಿಕೆಗೆಂದು ಮಾಡಿದ ಪುಟ್ಟ ಆಪರೇಟಿಂಗ್ ಸಿಸ್ಟಂ ಎಕ್ಸ್‌ವಿ6ನ ಕರ್ನಲ್‌ಗೆ, ಅಂದರೆ ಅದರ ತಿರುಳಿಗೆ, ನೀನು ಟ್ರೇಸ್ ಸೇರಿಸಿದ್ದೀಯ: ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು (ಸಿಸ್ಟಂ ಕಾಲ್) ಬರೆದು ತೋರಿಸುವ ಸೌಲಭ್ಯ. ಅದು ಓಡುತ್ತಿದೆ. ಯಾವ ಕರೆ ತೋರಿಸಬೇಕು ಅಂತ ಹೇಳುವ ಮಾಸ್ಕ್ 32 ಕೊಟ್ಟು, ರೀಡ್‌ಮಿ ಫೈಲಿನಲ್ಲಿ ಪದ ಹುಡುಕಲು ಗ್ರೆಪ್ ಓಡಿಸಿದರೆ, ಫೈಲ್ ಓದುವ ರೀಡ್ ಕರೆಗಳಷ್ಟೇ ಕಾಣುತ್ತಿವೆ. ರೀಡ್‌ನ ನಂಬರ್ 5, ಸೊನ್ನೆಯಿಂದ ಎಣಿಸಿ ಆ ಬಿಟ್ ಎಬ್ಬಿಸಿದರೆ 32, ಸರಿ. ಕರೆ ಹಿಂದಿರುಗಿಸುವ ಬೆಲೆ, ಅಂದರೆ ಓದಿದ ಬೈಟುಗಳ ಲೆಕ್ಕ, 1023, 966, 70, 0 ಅಂತ ಬರುತ್ತಿದೆ, ಅದೂ ಸರಿ. ಆದರೆ ಕರೆಗೆ ಕೊಟ್ಟ ಆರ್ಗ್ಯುಮೆಂಟುಗಳನ್ನು ಅಚ್ಚು ಹಾಕಿದಾಗ (ಪ್ರಿಂಟ್), ಮೊದಲನೆಯದು ಫೈಲ್ ಡಿಸ್ಕ್ರಿಪ್ಟರ್, ಅಂದರೆ ತೆರೆದ ಫೈಲಿನ ನಂಬರ್, ಆಗಿರಬೇಕಾದಲ್ಲಿ 1023 ಬಂದಿದೆ. 3 ಬರಬೇಕಿತ್ತು, ಅಲ್ವಾ?

ನಿನ್ನ ಎಕ್ಸ್‌ವಿ6 ಓಡುವ ರಿಸ್ಕ್-ಫೈವ್ ಪ್ರೊಸೆಸರ್‌ನಲ್ಲಿ ಕರೆಯ ನಂಬರ್ ಎ7 ಅನ್ನುವ ರಿಜಿಸ್ಟರಿನಲ್ಲಿ ಬರುತ್ತದೆ, ಆರ್ಗ್ಯುಮೆಂಟುಗಳು ಎ0ಯಿಂದ ಎ5ರವರೆಗೆ. ಉತ್ತರ ವಾಪಸ್ ಹೋಗುವುದೂ ಎ0ಯಲ್ಲೇ. ಸಿಸ್‌ಕಾಲ್ ಫಂಕ್ಷನ್ನಿನಲ್ಲಿ ಆ ಒಂದು ಸಾಲು ಮತ್ತೆ ಓದು: ಕರೆಯನ್ನು ನಡೆಸಿ, ಬಂದ ಬೆಲೆಯನ್ನು ಟ್ರ್ಯಾಪ್‌ಫ್ರೇಮಿನ (ಪ್ರೋಗ್ರಾಮಿನ ರಿಜಿಸ್ಟರುಗಳನ್ನು ಉಳಿಸಿಟ್ಟ ಜಾಗ) ಎ0ಗೆ ಹಾಕುತ್ತದೆ. ನಿನ್ನ ಅಚ್ಚಿನ ಸಾಲು ಅದರ ಕೆಳಗಿದೆ. ನೀನು ನೋಡುವ ಹೊತ್ತಿಗೆ ಕೇಳಿದ್ದು ಅಳಿಸಿ ಹೋಗಿ, ಕೊಟ್ಟಿದ್ದು ಮಾತ್ರ ಉಳಿದಿರುತ್ತದೆ.

ಸುಗ್ಗಿಯಲ್ಲಿ ನಮ್ಮ ತೋಟದ ರೈಟರ್ ಸಂಜೆ ಕಾಫಿ ಹಣ್ಣು ತೂಗುವುದನ್ನು ನೀನು ನೋಡಿದ್ದೀಯ. ಚೀಲ ತಕ್ಕಡಿಯಲ್ಲಿರುವಾಗಲೇ ಹೆಸರು, ಕೆಜಿ ಪುಸ್ತಕಕ್ಕೆ ಹೋಗಬೇಕು. ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಸುರಿದ ಮೇಲೆ ಯಾರ ಹಣ್ಣು ಯಾವುದು ಅಂತ ಯಾವ ದೇವರೂ ಹೇಳಲಾರ. ಹಾಗೇ ಕರೆಗೆ ಮುಂಚೆ ರೀಡ್‌ನ ಮೂರೂ ಆರ್ಗ್ಯುಮೆಂಟುಗಳನ್ನು (ಡಿಸ್ಕ್ರಿಪ್ಟರ್, ಓದಿದ್ದನ್ನು ಇಡುವ ಜಾಗದ ವಿಳಾಸ, ಎಷ್ಟು ಬೈಟು ಬೇಕು) ನಿನ್ನದೇ ವೇರಿಯೇಬಲ್‌ಗಳಲ್ಲಿ ಇಟ್ಟುಕೋ. ಅಚ್ಚು ಆಮೇಲೆ ಹಾಕು. ಒಂದು ಮಾತು, ಪ್ರೋಗ್ರಾಂ ಮುಗಿಸುವ ಎಕ್ಸಿಟ್ ಕರೆ ಹಿಂದಿರುಗುವುದೇ ಇಲ್ಲ. ಅದನ್ನು ಕಾಣಬೇಕಾದರೆ ಮೊದಲೇ ಅಚ್ಚು ಹಾಕಬೇಕು.

ಇಷ್ಟಕ್ಕೆ ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಆರ್ಗ್ಯುಮೆಂಟ್ ಇಲ್ಲದ ಟ್ರೇಸ್ ದಾರಿ ತಪ್ಪಿಸುತ್ತದೆ. ಆ 966 ನೋಡು. ಬರೀ ಉತ್ತರ ನೋಡಿದರೆ ಫೈಲಿನಲ್ಲಿ ಏನೋ ಕಡಿಮೆ ಬಿತ್ತು ಅನ್ನಿಸುತ್ತದೆ. ಮೂರನೇ ಆರ್ಗ್ಯುಮೆಂಟ್ ಅಚ್ಚಾದಾಗ ತಿಳಿಯುತ್ತದೆ, ಗ್ರೆಪ್ ಕೇಳಿದ್ದೇ 966 ಬೈಟು. ಅದರ ಬಫರ್, ಅಂದರೆ ಓದಿದ್ದನ್ನು ಇಡುವ ಜಾಗ, 1024. ಕೊನೆಗೆ ಒಂದು ಸೊನ್ನೆ ಬೈಟಿಗೆ ಜಾಗ ಬಿಟ್ಟು ಮೊದಲ ಸಲ 1023 ಕೇಳಿತು. ಬಂದದ್ದರಲ್ಲಿ ಕೊನೆಯ ಸಾಲು ಅರ್ಧಕ್ಕೆ ನಿಂತಿತ್ತು, 57 ಬೈಟು. ಅದನ್ನು ಬಫರಿನ ಮುಂದಕ್ಕೆ ಸರಿಸಿಕೊಂಡು, ಉಳಿದ ಜಾಗಕ್ಕೆ ಮಾತ್ರ ಕೇಳಿತು. ಎರಡನೇ ಆರ್ಗ್ಯುಮೆಂಟ್ ಆದ ವಿಳಾಸವೂ ಸರಿಯಾಗಿ 57 ಮುಂದೆ ಹೋಗಿರುತ್ತದೆ. ಎಷ್ಟು ಚೆಂದ ನೋಡು! ಗ್ರೆಪ್‌ನ ಕೋಡ್ ತೆರೆಯದೆ ಅದರ ಮನಸ್ಸು ಓದಿದ ಹಾಗೆ.

ಇನ್ನು ಫೈಲ್ ತೆರೆಯುವ ಓಪನ್ ಮತ್ತು ತನ್ನ ಜಾಗದಲ್ಲಿ ಬೇರೆ ಪ್ರೋಗ್ರಾಂ ಓಡಿಸುವ ಎಕ್ಸೆಕ್. ಇಲ್ಲಿ ರಿಜಿಸ್ಟರಿನಲ್ಲಿ ಬರುವುದು ಹೆಸರಲ್ಲ, ಹೆಸರು ಇರುವ ಜಾಗದ ವಿಳಾಸ. ಅದೂ ಪ್ರೋಗ್ರಾಮಿನ ವಿಳಾಸ, ಕರ್ನಲ್‌ನದಲ್ಲ. ನೀನು ಅದನ್ನು ನೇರವಾಗಿ ಮುಟ್ಟಿದೆ, ಕರ್ನಲ್ ಪ್ಯಾನಿಕ್ ಆಗಿ ನಿಂತುಬಿಟ್ಟಿತು. ಎಕ್ಸ್‌ವಿ6ನ ಕರ್ನಲ್‌ಗೆ ತನ್ನದೇ ಪೇಜ್ ಟೇಬಲ್, ಅಂದರೆ ಯಾವ ವಿಳಾಸ ಮೆಮೊರಿಯಲ್ಲಿ ಎಲ್ಲಿದೆ ಅನ್ನುವ ಪಟ್ಟಿ, ಇದೆ, ಅದರಲ್ಲಿ ಪ್ರೋಗ್ರಾಮಿನ ವಿಳಾಸಗಳು ಇಲ್ಲ. ಆರ್ಗ್‌ಸ್ಟ್ರ್ ಅನ್ನುವ ಫಂಕ್ಷನ್ ಇರುವುದು ಇದಕ್ಕೇ. ಅದು ಆ ಪ್ರೋಗ್ರಾಮಿನ ಪೇಜ್ ಟೇಬಲ್ ಹಿಡಿದು ಹೋಗಿ, ವಿಳಾಸ ಸರಿಯಿದ್ದರೆ ಮಾತ್ರ ಅಕ್ಷರಗಳನ್ನು ನಿನ್ನ ಬಫರಿಗೆ ತಂದು ಕೊಡುತ್ತದೆ. ಎಕ್ಸೆಕ್ ವಿಷಯದಲ್ಲಂತೂ ಮೊದಲೇ ತಂದಿಟ್ಟುಕೊಳ್ಳದೆ ಗತಿಯಿಲ್ಲ. ಅದು ಗೆದ್ದರೆ ಹಳೆಯ ಮೆಮೊರಿಯೇ ಹೋಗಿರುತ್ತದೆ, ಎ1 ಕೂಡ ಬದಲಾಗಿರುತ್ತದೆ.

ರೀಡ್‌ನಲ್ಲಿ ಇದು ತಿರುಗುಮುರುಗು. ಒಳಗೆ ಹೋಗುವಾಗ ಬಫರಿನಲ್ಲಿ ಹೊಸದೇನೂ ಇರುವುದಿಲ್ಲ, ಕರ್ನಲ್ ತುಂಬಿದ ಮೇಲೇ ಅದಕ್ಕೆ ಅರ್ಥ. ವಿಳಾಸ ಮೊದಲೇ ಇಟ್ಟುಕೋ, ಒಳಗಿರುವುದನ್ನು ಆಮೇಲೆ ನೋಡು. ಬಂದಷ್ಟೇ ಬೈಟು ನೋಡು, ಅದು ಸೊನ್ನೆಯಿಂದ ಮುಗಿಯುವ ಸ್ಟ್ರಿಂಗ್ ಅಲ್ಲ.

ಒಂದು ಹಳೆಯ ಸಂಗತಿ ಹೇಳಬೇಕು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಒಂದು ಪ್ರೋಗ್ರಾಂ ಆಗಾಗ ಫೈಲ್ ಇಲ್ಲ ಅಂತ ನಿಲ್ಲುತ್ತಿತ್ತು. ನಾನು ಟ್ರೇಸ್ ಹಾಕಿದೆ, ಹೆಸರನ್ನು ಕರೆ ಮುಗಿದ ಮೇಲೆ ಓದಿದೆ. ಅಷ್ಟರಲ್ಲಿ ಆ ಪ್ರೋಗ್ರಾಮಿನಲ್ಲೇ ಜೊತೆಜೊತೆಗೆ ಓಡುವ ಇನ್ನೊಂದು ಥ್ರೆಡ್ ಅದೇ ಬಫರಿನಲ್ಲಿ ಬೇರೆ ಹೆಸರು ಬರೆದಿತ್ತು. ನನ್ನ ಲಾಗ್ ಹೇಳಿದ ಫೈಲು ಒಬ್ಬ ಹೊಸ ಹುಡುಗನ ಕೋಡಿನದು. ಎಲ್ಲರೆದುರು ತಪ್ಪು ಅವನದು ಅಂದೆ. ಅವನು ಎರಡು ದಿನ ತನ್ನ ಕೋಡಿನಲ್ಲಿ ಇಲ್ಲದ ತಪ್ಪನ್ನು ಹುಡುಕಿದ. ಮೂರನೇ ದಿನ ನನಗೆ ಗೊತ್ತಾಗಿ ಎಲ್ಲರೆದುರೇ ಕ್ಷಮೆ ಕೇಳಿದೆ. ಆದರೂ ಆ ಎರಡು ದಿನದ ಅವನ ಮುಖ ಇವತ್ತಿಗೂ ಕಣ್ಣ ಮುಂದಿದೆ. ಲಾಗಿನಲ್ಲಿ ಬಂದ ಸಾಲನ್ನು ಜನ ನಂಬುತ್ತಾರೆ, ಪುಟ್ಟಿ. ಅದು ಯಾವ ಗಳಿಗೆಯಲ್ಲಿ ಓದಿದ ಬೆಲೆ ಅಂತ ಗೊತ್ತಿಲ್ಲದೆ ಯಾರ ಮೇಲೂ ಬೆರಳು ತೋರಿಸಬೇಡ. ಮೊದಲೇ ಓದಿದರೂ, ಕರ್ನಲ್ ತಾನು ಓದುವುದರೊಳಗೆ ಇನ್ನೊಂದು ಥ್ರೆಡ್ ಬದಲಿಸಬಹುದು. ಹಾಗಾಗಿ ಅನುಮಾನ ಬಂದಲ್ಲಿ ಎರಡೂ ಕಡೆ ಓದಿ ಹೋಲಿಸು.

ನೀನು ಲಿನಕ್ಸ್ ಬಗ್ಗೆ ಕೇಳಿದ್ದೆ. ಅದು ಈ ವಾರ ಬೇಡ. 64 ಬಿಟ್ ಇಂಟೆಲ್‌ನಲ್ಲಿ ಕರೆಯ ನಂಬರ್ ಆರ್‌ಎಎಕ್ಸ್ ರಿಜಿಸ್ಟರಿನಲ್ಲಿ, ಉತ್ತರವೂ ಅಲ್ಲೇ. ಅಲ್ಲಿ ಟ್ರೇಸ್ ಮಾಡುವ ಎಸ್‌ಟ್ರೇಸ್ ಪ್ರತಿ ಕರೆಗೂ ಎರಡು ಸಲ ಪ್ರೋಗ್ರಾಮನ್ನು ನಿಲ್ಲಿಸುತ್ತದೆ, ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ. ಯಾಕೆ ಅಂತ ಈಗ ನಿನಗೆ ಹೇಳಬೇಕಿಲ್ಲ. ಇನ್ನೊಂದು, ಸಿ ಪ್ರೋಗ್ರಾಮಿನಲ್ಲಿ ಓಪನ್ ಅಂತ ಬರೆದರೂ ಟ್ರೇಸಿನಲ್ಲಿ ಓಪನ್‌ಅಟ್ ಕಾಣುತ್ತದೆ. ಗಾಬರಿ ಬೀಳಬೇಡ, ಲಿನಕ್ಸಿನ ಸಿ ಲೈಬ್ರರಿಯಾದ ಈಗಿನ ಜಿಲಿಬ್‌ಸಿ ಅದನ್ನೇ ಕರೆಯುತ್ತದೆ.

ಮತ್ತೆ ನಿನ್ನ ಎಕ್ಸ್‌ವಿ6ಗೆ ಬಂದರೆ, ಪ್ರೋಗ್ರಾಮಿನ ನಕಲು ಹುಟ್ಟಿಸುವ ಫೋರ್ಕ್ ಕರೆಯಲ್ಲಿ ಮಾಸ್ಕನ್ನು ಮಗುವಿಗೂ, ಅಂದರೆ ಆ ಹೊಸ ನಕಲಿಗೂ, ಕೊಟ್ಟಿದ್ದೀಯ ತಾನೆ? ಜಾಸ್ತಿ ಜನ ಮರೆಯುವುದು ಅದನ್ನೇ.

ನಾಳೆ ಮೊದಲು ಎ0 ಸರಿಮಾಡು, ಬೇರೇನೂ ಮುಟ್ಟಬೇಡ. ಆಮೇಲೆ 1023, 966, 70 ಕೂಡಿಸು, 2059. ಎಲ್‌ಎಸ್ ಹಾಕಿ ರೀಡ್‌ಮಿ ಫೈಲಿನ ಗಾತ್ರ ಅಷ್ಟೇ ಇದೆಯಾ ನೋಡು. ಇದ್ದರೆ ಎಷ್ಟು ಹೊತ್ತಾದರೂ ಫೋನ್ ಮಾಡು, ನಾನು ಎದ್ದಿರುತ್ತೇನೆ.

ನಿನ್ನ
ಚಿಕ್ಕಪ್ಪ